ತಗಡಿನ ದನಿ

ಮುಹು ದ್ವೀಪದಲ್ಲಿ ಜನವರಿಯೆಂದರೆ
ಸಂಜೆ ಏಳಕ್ಕೇ ನಡುರಾತ್ರಿ.
ಕಡಲು ಹೆಪ್ಪುಗಟ್ಟುವಾಗ ಸಣ್ಣಗೆ ಸಿಳ್ಳೆ ಹಾಕುತ್ತದಂತೆ.
ಅಂತೆ ಅನ್ನುತ್ತೇನೆ, ಯಾಕಂದರೆ
ನನ್ನ ಕಿವಿಯ ಮೇಲುಸ್ವರಗಳನ್ನೆಲ್ಲ
ಫೆರಿಯ ಎಂಜಿನ್ನು ತಿಂದುಹಾಕಿದೆ,
ಇಪ್ಪತ್ತೆರಡು ವರ್ಷ, ದಿನಕ್ಕೆ ಹನ್ನೆರಡು ಸಲ ದಾಟಿಸಿ.

ಮೇಜಿನ ಮೇಲೆ ಮುಚ್ಚಿಹೋದ ಶಾಲೆಯ ಲ್ಯಾಪ್‌ಟಾಪು.
ಬೆನ್ನಿನ ಚೀಟಿ ಇನ್ನೂ ಬಿಟ್ಟಿಲ್ಲ: ಭೂಗೋಳ, ನಾಲ್ಕು.
ಯಾವನೋ ಮಗು ಪೆನ್ಸಿಲು ತುರುಕಿ
ಅದರ ಮೈಕನ್ನು ಎಂದೋ ಕೊಂದಿದೆ.
ಲಿನಕ್ಸ್ ಹಾಕಿಕೊಟ್ಟವನು ಡೆಕ್ಕಿನ ಹುಡುಗ ರಾಯ್ಗೊ:
"ಕಾಸಿಲ್ಲ ಕರಿಮಣಿಯಿಲ್ಲ, ಕಾಲ್ಯು,
ಕೆಟ್ಟರೆ ಮಾತ್ರ ನೀನೇ ಬಿಚ್ಚಬೇಕು."

ಬಿಚ್ಚುವುದು ನನಗೇನು ಹೊಸದಲ್ಲ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಮೂಳೆಗೆ,
ಒತ್ತಿ ಹಿಡಿದರೆ ಬೇರಿಂಗು ತಾನೇ ಹೇಳುತ್ತದೆ
ನೋವು ಎಲ್ಲಿ ಎಂದು.
ಇದಕ್ಕೆ ಎಲ್ಲಿ ಒತ್ತಲಿ?

ವಿರ್ವೆ ಟಾರ್ಟುವಿನಲ್ಲಿದ್ದಾಳೆ, ವಾರವಿಡೀ ಗಾಯನದ ತಾಲೀಮು.
ಹೋಗುವ ಮುಂಚೆ ಈ ತಂತಿಯಿಲ್ಲದ ಹೆಡ್‌ಫೋನು ತಂದು
"ಕಿವುಡನ ಮುಂದೆ ಕಿನ್ನರಿ" ಎಂದು ನಕ್ಕು
ನನ್ನ ತಲೆಗೆ ತಾನೇ ತೊಡಿಸಿ ಅಳತೆ ನೋಡಿದ್ದಳು.
ಈಗ ಫೋನನ್ನು ಅಲ್ಲಿನ ಕಿಟಕಿಕಟ್ಟೆಯ ಮೇಲಿಟ್ಟು
"ಕೇಳ್ತಾ ಇರು" ಅಂದು ಸಾಲಿಗೆ ಸೇರಿಕೊಂಡಳು.

ಕೇಳಿದೆ.
ನಲವತ್ತು ಜನ
ಒಂದು ಮೀನಿನ ಡಬ್ಬಿಯೊಳಗೆ ನಿಂತು
ಮುಚ್ಚಳ ಎಳೆದುಕೊಂಡು ಹಾಡುತ್ತಿದ್ದರು.

ಬ್ಯಾಟರಿ ನೋಡಿದೆ. ತುಂಬಿದೆ.
ಜೋಡಿ ಅಳಿಸಿದೆ, ಮತ್ತೆ ಜೋಡಿಸಿದೆ.
ನೀಲಿ ದೀಪ ಕಣ್ಣು ಮಿಟುಕಿಸಿತು, ಏನೂ ಗೊತ್ತಿಲ್ಲದ ಹಾಗೆ.
ಕಪ್ಪು ಟರ್ಮಿನಲ್ಲಿನಲ್ಲಿ ರಾಯ್ಗೊ ಬರೆದುಕೊಟ್ಟ ಸಾಲನ್ನು
ಎರಡು ಬೆರಳಲ್ಲಿ ಕುಟ್ಟಿದೆ;
ಒಂದಕ್ಷರ ತಪ್ಪಿತು, ಅಂಥ ಆಜ್ಞೆಯೇ ಇಲ್ಲ ಅಂದಿತು.
ಎಂಜಿನ್ನು ಹೀಗೆ ಎದುರುತ್ತರ ಕೊಡುವುದಿಲ್ಲ,
ಕೆಮ್ಮುತ್ತದೆ, ಅಥವಾ ಎಣ್ಣೆ ಕಾರುತ್ತದೆ.
ಸರಿಯಾಗಿ ಕುಟ್ಟಿದೆ. ಧ್ವನಿಯ ಸೇವೆ ಸತ್ತು ಮತ್ತೆ ಹುಟ್ಟಿತು,
ಅದೇ ತಗಡಿನ ಗಂಟಲಲ್ಲಿ.
ಅಪ್‌ಡೇಟ್ ಮುನ್ನೂರಹನ್ನೊಂದು. ಕೆಟಲು ಕುದಿದು ತಣ್ಣಗಾಯಿತು.
ಅಲ್ಲಿ ಅವರು ಎರಡನೇ ಹಾಡಿಗೆ ಹೋದರು.

ಕೊನೆಗೆ ಸೆಟ್ಟಿಂಗ್ಸಿನ ಒಂದು ಮೂಲೆಯಲ್ಲಿ,
ಹೆಡ್‌ಫೋನಿನ ಹೆಸರಿನ ಕೆಳಗೆ, ಒಂದು ಮಡಿಕೆ ಬಿಚ್ಚಿಕೊಂಡಿತು.
ಎರಡೇ ಆಯ್ಕೆ:
ಕೇಳುವುದೂ ಮಾತಾಡುವುದೂ ಒಂದು,
ಬರೀ ಕೇಳುವುದು ಇನ್ನೊಂದು.
ಓಹ್, ಎಂದೆ. ಇದು ಕೊಳವೆಯ ಲೆಕ್ಕ.
ಹೋಗುವುದಕ್ಕೂ ಬರುವುದಕ್ಕೂ ಒಂದೇ ಪೈಪು;
ಬಾಯಿಗೆ ಜಾಗ ಬಿಟ್ಟರೆ ಕಿವಿಗೆ ಹಿಂಡಿದ ಹಿಪ್ಪೆ.
ಇದನ್ನು ಮದುವೆಗೆ ಹೋಲಿಸಬಹುದು.
ಹೋಲಿಸುವುದಿಲ್ಲ.

ಎರಡನೆಯದನ್ನು ಒತ್ತಿದೆ. ಮೈಕು ಬೂದಿಯ ಬಣ್ಣಕ್ಕೆ ತಿರುಗಿತು.
ಒಂದು ಉಸಿರಿನಷ್ಟು ಏನೂ ಇಲ್ಲ.
ಆಮೇಲೆ ಕೋಣೆ ಬಂತು.
ಕೋಣೆಯ ಮರದ ನೆಲ, ಯಾರದೋ ಕುರ್ಚಿಯ ಕಿರುಗುಟ್ಟು,
ಆಮೇಲೆ ದನಿಗಳು, ಒಂದರ ಹೆಗಲಿಗೊಂದು ತಾಗದೆ.
ಮೇಲಿನವು ನನಗಲ್ಲ, ಬಿಡಿ, ಅವು ಎಂಜಿನ್ನಿನ ಪಾಲು.
ಆದರೆ ತಗ್ಗಿನ ಸಾಲು, ಹೆಂಗಸರ ಕೆಳದನಿ, ಅದು ನನಗಿನ್ನೂ ಉಳಿದಿದೆ.
ಅದರಲ್ಲಿ ಒಬ್ಬಳು
ಇಳಿಜಾರಿಗೆ ಮುನ್ನ ಎಲ್ಲರಿಗಿಂತ ಚೂರು ಮೊದಲೇ
ಉಸಿರೆಳೆದುಕೊಳ್ಳುತ್ತಾಳೆ,
ಆರರಲ್ಲಿ ಒಂದು ಸಿಲಿಂಡರು ಮುಂಚೆ ಉರಿದ ಹಾಗೆ.
ಇಷ್ಟು ವರ್ಷ ಪಕ್ಕದ ದಿಂಬಿನಲ್ಲಿ ಕೇಳಿದ ತಪ್ಪು ಅದು.
ಸರಿಪಡಿಸಬೇಕೆಂದು ಒಮ್ಮೆಯೂ ಅನಿಸಿಲ್ಲ.

ಹಾಡು ಮುಗಿಯಿತು. ಹೆಜ್ಜೆ ಹತ್ತಿರ ಬಂತು.
"ಕಾಲ್ಯು? ಇದ್ದೀಯಾ?"
ನನ್ನ ಹೆಸರು ಅವಳ ಬಾಯಲ್ಲಿ ಇಷ್ಟು ದಪ್ಪ ಇದೆಯೆಂದು
ಗೊತ್ತೇ ಇರಲಿಲ್ಲ.
ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನಿದ್ದೆ.
ಕರೆದಳು.
ಮೂರನೇ ಸಲಕ್ಕೆ ದನಿ ಪಕ್ಕಕ್ಕೆ ತಿರುಗಿ ಯಾರಿಗೋ
"ಆ ಹಾಳು ಕಂಪ್ಯೂಟರು" ಅಂದಿತು. ಅದೂ ಎಷ್ಟು ಸ್ಪಷ್ಟ.

ನಾಳೆ ಕುಯ್ವಾಸ್ತು ಬಂದರಿನ ಅಂಗಡಿಯಲ್ಲಿ
ತಂತಿಯ ಮೈಕು ಇದೆಯೇ ಕೇಳಬೇಕು.
ಇವತ್ತಿಗೆ ಮೊದಲ ಆಯ್ಕೆಗೆ ವಾಪಸು ಒತ್ತಿದೆ.
ಕೋಣೆ ಮಡಚಿಕೊಂಡಿತು, ಮುಚ್ಚಳ ಬಿತ್ತು.

"ಇದ್ದೀನಿ. ಕೇಳಿಸಿತು.
ಎರಡನೇ ಸಾಲಲ್ಲಿ, ಎಡದಿಂದ, ನೀನು ಮೂರನೆಯವಳು."

"ನಾಲ್ಕನೆಯವಳು,"
ಅಂದಿತು ತಗಡು, ನಗುತ್ತಾ.