ಅಗೊಸುವಿಗೆ, ಗ್ಯಾರೇಜಿನಿಂದ

ಬಾನೆಟ್ ಎತ್ತು, ಅಗೊಸು. ಸಿಗರೇಟು ಆರಿಸು.
ಬಾಯಲ್ಲೇ ಇಟ್ಟುಕೊಂಡು ನಿಲ್ಲುವುದಲ್ಲ,
ಆ ಚರಂಡಿಯಾಚೆ ಎಸೆದು ಬಾ.

ನಿಂತಲ್ಲಿ ನಿನ್ನ ಪೆಜೋ ಬೆಕ್ಕಿನಂತೆ ಗುರುಗುಡುತ್ತದೆ,
ಪೋರ್ಟೊ ನೋವೊದ ಹಿನ್ನೀರ ಸೇತುವೆಯ ಏರು ಕಂಡರೆ
ಬಿಕ್ಕಳಿಸಿ ನಿಲ್ಲುತ್ತದೆ,
ಒಳಗೆ ಆರು ಜನ, ಮೇಲೆ ಅನಾನಸ್ ಬುಟ್ಟಿ,
ಬೆನ್ನಿಗೆ ಲಾರಿಯ ಹಾರನ್ನು.
ಪ್ಲಗ್ಗು ಬದಲಿಸಿದೆ. ಕಾರ್ಬ್ಯುರೇಟರಿಗೆ ಬೈದೆ.
ಕಾರು ಮಾರಿದ ಭಾವಮೈದುನನ ಜೊತೆ ಮಾತು ಬಿಟ್ಟೆ.

ಇಲ್ಲಿ ನೋಡು.
ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಪ್ಲಾಸ್ಟಿಕ್ ಡಬ್ಬಿ,
ಅದರೊಳಗೆ ಲಂಗದಂತೆ ನೆರಿಗೆ ಹಿಡಿದ ಕಾಗದ.
ಪೆಟ್ರೋಲು ನೆರಿಗೆಯ ಹೊರಮೈಗೆ ಬಂದು
ನೆನೆದು, ಒಳಗಿಳಿದು, ನಡುಗೊಳವೆಯಿಂದ ಹೊರಡುತ್ತದೆ;
ಕಸ ಹೊಸ್ತಿಲಲ್ಲೇ ಕೂರುತ್ತದೆ.
ಬೇರೆ ವಿದ್ಯೆ ಗೊತ್ತಿಲ್ಲ ಅದಕ್ಕೆ.
ತುಂಬಿತೆಂದು ಕೂಗಲೂ ಬಾರದು.
ನಿಂತಾಗ ಎಂಜಿನ್ನಿಗೆ ಗುಟುಕು ಸಾಕು, ಸಿಗುತ್ತದೆ.
ಏರಿನಲ್ಲಿ ಚೊಂಬು ಕೇಳಿದರೆ
ಹನಿ. ಮತ್ತೊಂದು ಹನಿ.

ಪೈಪು ಬಿಚ್ಚಿದೆ.
ಉಳಿದದ್ದು ಹಾಲುಪುಡಿ ಡಬ್ಬಕ್ಕೆ ಇಳಿಯಿತು, ಚಹಾದ ಬಣ್ಣದಲ್ಲಿ.
ಫಿಲ್ಟರ್ ಸೀಳಿ ಕಾಗದ ಬಿಡಿಸಿದರೆ
ಟ್ಯಾಂಕಿನ ತುಕ್ಕು, ಹರ್ಮಟ್ಟಾನ್ ಗಾಳಿಯ ಬೂದು ಧೂಳು,
ಅಡಿಯಲ್ಲಿ ಬೆರೆಯಲೊಲ್ಲದ ಎರಡು ಹನಿ ನೀರು,
ಆಮೇಲೆ ಇದು:
ನೀಲಿ ನೂಲಿನ ನವಿರು. ಎಷ್ಟೊಂದು!

ಇಲ್ಲಿಂದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ
ಹನ್ನೊಂದು ಕಡೆ ಗಾಜಿನ ಬುಂಡೆಗಳಲ್ಲಿ ಪೆಟ್ರೋಲು ಸಿಗುತ್ತದೆ.
ನೀಲಿ ಬಟ್ಟೆಯಲ್ಲಿ ಸೋಸುವವಳು ಒಬ್ಬಳೇ,
ಇಗೊಲೊ ರಸ್ತೆಯ ಸೆಜ್ರೊ.
ಒಂಬತ್ತು ಕಿಲೋಮೀಟರು ಸುತ್ತು,
ಲೀಟರಿಗೆ ಇಪ್ಪತ್ತೈದು ಫ್ರಾಂಕ್ ಹೆಚ್ಚು ಬೇರೆ.
ನಾನು ಏನೂ ಕೇಳಲಿಲ್ಲ.
ನೀನು ಜಾಕನ್ನು ಒರೆಸತೊಡಗಿದೆ.
ಜಾಕನ್ನು ಯಾರೂ ಒರೆಸುವುದಿಲ್ಲ, ಅಗೊಸು.

ಕೈಪಿಡಿಯಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಅಂತಿದೆ;
ಬರೆದವನು ಬುಂಡೆ ಪೆಟ್ರೋಲು ಕಂಡವನಲ್ಲ.
ನೀನು ಐದು ಸಾವಿರಕ್ಕೇ ಬಾ.
ಬೆಳಿಗ್ಗೆ ಸ್ಟಾರ್ಟಾಗಲು ಹಠ ಹಿಡಿದರೆ,
ಕಾಗದ ಕಪ್ಪಾಗಿ ಕಂಡರೆ, ಅದಕ್ಕೂ ಮುಂಚೆ.
ಊದಿ ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ;
ಹರಿದ ಕಾಗದ ಎಲ್ಲರನ್ನೂ ಒಳಬಿಡುತ್ತದೆ.
ಮತ್ತೆ ಈ ಬಾಣ, ಇದರ ಮೂತಿ ಎಂಜಿನ್ ಕಡೆಗೇ ಇರಲಿ.
ಕಾಲು ಮುಂದಾಗಿ ಹುಟ್ಟಿದ್ದಕ್ಕೆ ನಿನಗೆ ಅಗೊಸು ಅಂತ ಹೆಸರಿಟ್ಟರು,
ಸರಿ. ಕಳೆದ ಸಲ ಫಿಲ್ಟರನ್ನೂ
ಹಾಗೇ ಹುಟ್ಟಿಸಿದ್ದೆ ನೀನು.

ಹೋಗುವಾಗ ಹಿತ್ತಾಳೆ ಜಾಲರಿಯೊಂದು ತಗೊಂಡು ಹೋಗು.
ಯಾರಿಗೆ ಅಂತ ನಾನು ಹೇಳಬೇಕೇ?

ಮಳೆ ಮುಗಿದ ಮೇಲೆ ಬಂದೆ. ನಾಲ್ಕು ಸಾವಿರದ ಎಂಟುನೂರು.
ಸೀಳಿದೆ. ತುಕ್ಕು ಇತ್ತು, ಧೂಳೂ ಇತ್ತು.
ನೀಲಿ ಇರಲಿಲ್ಲ.
ನನಗ್ಯಾಕೋ ಹೊಟ್ಟೆಯೊಳಗೆ ತಣ್ಣಗಾಯಿತು.
ಮೂವತ್ತು ವರ್ಷ ಎಂಜಿನ್ ಬಿಚ್ಚಿದವಳು,
ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಮುಂದಿನ ಬಾಗಿಲು ಕಿರ್ರೆಂದಿತು.
ಇಳಿದವಳ ತಲೆಗೆ ಅದೇ ಬಟ್ಟೆ,
ಅಂಚು ಸವೆದದ್ದು, ಎಷ್ಟು ಒಗೆದರೂ ಪೆಟ್ರೋಲು ನಾರುವುದು.
"ಹುವೇಫಕ್ಕ," ಅಂದಳು,
"ಆ ಜಾಲರಿ ಇನ್ನೊಂದು ಬೇಕಿತ್ತು.
ಸ್ವಲ್ಪ ದೊಡ್ಡದು."