ಉಪ್ಪು ಹಾಕಿದೆ

ರೂವಿಯ ನಾಲ್ಕನೇ ಮಾಳಿಗೆ. ಗುರುವಾರ ಕಳೆದು ರಾತ್ರಿ ಒಂದೂವರೆ.
ಕಿಟಕಿಯಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡ
ಹಗಲಿಡೀ ಕುಡಿದ ಬಿಸಿಲನ್ನು ಈಗ ಉಸಿರುತ್ತಿದೆ.
ಏಸಿ ಬಕೆಟಿಗೆ ತೊಟ್ಟಿಕ್ಕುತ್ತಿದೆ. ಚೆಲ್ಲುವ ಸರದಿ ನನ್ನದು.

ತೊಡೆಯ ಮೇಲೆ ಲ್ಯಾಪ್‌ಟಾಪು, ಅದರೊಳಗೊಂದು ಭಾಷೆ,
ಯಾರ ನಾಲಿಗೆಯ ಮೇಲೂ ಇಲ್ಲದ್ದು, ಯಂತ್ರಕ್ಕೆ ಕೆಲಸ ಹೇಳುವಂಥದ್ದು.
ಹಗಲು ಟೈಲ್ಸ್ ಗೋದಾಮಿನ ಲೆಕ್ಕ ಬರೆಯುವ ನಾನು
ರಾತ್ರಿ ಇದರ ಪರೀಕ್ಷೆಯ ಮೇಸ್ಟ್ರು, ಸಂಬಳವಿಲ್ಲದ ಮೇಸ್ಟ್ರು.
ನಾಲ್ಕು ಸಾವಿರದ ಎಂಟುನೂರ ಹನ್ನೆರಡು ಟೆಸ್ಟು:
ಕೂಡಿಸಲು ಬರುತ್ತದೆಯೇ?
ಸೊನ್ನೆಯಿಂದ ಭಾಗಿಸೆಂದರೆ ಕಿರುಚುತ್ತದೆಯೇ?
ಖಾಲಿ ಪಟ್ಟಿಯ ಮೊದಲ ಹೆಸರು ಕೇಳಿದರೆ
ಯಾರೂ ಇಲ್ಲ ಅನ್ನುವಷ್ಟು ಪ್ರಾಮಾಣಿಕವೇ?

ಒಂದರ ಹಿಂದೊಂದು ನಿಲ್ಲಿಸಿದರೆ ಒಂದು ಗಂಟೆ ನಲವತ್ತು ನಿಮಿಷ,
ನಮ್ಮ ಬೆಳಗಿನ ಬಚ್ಚಲ ಸಾಲಿನ ಹಾಗೆ:
ಒಂದೇ ಗೀಸರು, ಎಂಟು ಟವೆಲು,
ಒಳಗೆ ಬ್ಯಾಪ್ಟಿಸ್ಟ್ ಲೋಬೋ, ಸೀಟಿ ಹಾಕುತ್ತ, ಅವಸರವಿಲ್ಲದೆ.

ಯಂತ್ರಕ್ಕೂ ಎಂಟು ಕೋರುಗಳಿವೆ.
ಇವತ್ತು ಎಂಟೂ ಬಾಗಿಲು ತೆರೆದು ಎಲ್ಲವನ್ನೂ ಒಟ್ಟಿಗೆ ಬಿಟ್ಟೆ.
ಹದಿನಾಲ್ಕು ನಿಮಿಷ!
ಮತ್ತು ಮೂರು ಕೆಂಪು.
ಮತ್ತೆ ಓಡಿಸಿದೆ. ಮೂರೇ ಕೆಂಪು, ಬೇರೆ ಮೂರು.
ತಪ್ಪಿದವನ್ನು ಒಂದೊಂದಾಗಿ ಕರೆದು ಕೇಳಿದೆ,
ತಡವರಿಸದೆ ಪಾಠ ಒಪ್ಪಿಸಿದವು.
ಒಬ್ಬೊಬ್ಬರೇ ಇದ್ದಾಗ ಎಲ್ಲರೂ ಸಾಧುಗಳೇ.

ಆಗ ಮಂಗಳವಾರದ ಬೇಳೆಸಾರು ನೆನಪಾಯಿತು.
ಅಂಗಡಿ ಮುಚ್ಚಿ ಬಂದ ಮೊಯ್ದಿನಬ್ಬ ರುಚಿ ನೋಡಿದ, ಸಪ್ಪೆ,
ಒಂದು ಚಮಚ ಉದುರಿಸಿ ನಮಾಜಿಗೆ ಹೋದ.
ಅದು ಕರಗುವ ಮೊದಲೇ
ಬಂದರಿನಿಂದ ಬಂದ ಶೀನ ಮೇಲಿನ ತಿಳಿ ನೆಕ್ಕಿದ, ಸಪ್ಪೆ,
ಅವನದೊಂದು ಚಮಚ.
ಆಮೇಲೆ ನಾನು.
ಮೂವರ ನಾಲಿಗೆಯೂ ನಿಜವನ್ನೇ ಹೇಳಿತ್ತು.
ಸಾರು ಚೆಲ್ಲಿ, ಖುಬೂಸನ್ನು ಮಜ್ಜಿಗೆಯಲ್ಲಿ ಅದ್ದಿ ತಿಂದೆವು.

ಹುಡುಕಿದೆ. ಇದ್ದದ್ದು ಅದೇ:
ಎರಡು ಟೆಸ್ಟು, ಒಂದೇ ಹೆಸರಿನ ಫೈಲು,
ಒಂದು ಬರೆದು ಮುಗಿಸುವ ಮೊದಲೇ ಇನ್ನೊಂದು ಅಳಿಸಿ ಕೂತಿದೆ.
ಪ್ರತಿಯೊಂದಕ್ಕೂ ಅದರದೇ ಫೋಲ್ಡರು ಕೊಟ್ಟೆ,
ಮಂಚದಡಿಯ ಟ್ರಂಕಿನ ಹಾಗೆ, ಬೀಗ ಸಮೇತ.

ಒಂದನ್ನು ಮಾತ್ರ ಗುಂಪಿಗೆ ಸೇರಿಸಲಾಗಲಿಲ್ಲ.
ಅದು ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಟ್ಟು,
ಲೆಕ್ಕ ಸರಿಯೇ ನೋಡಿ, ಹಿಂದಿಡುತ್ತದೆ.
ಆ ಅರೆಗಳಿಗೆ ಜೊತೆಗಿದ್ದವರೆಲ್ಲ
ಊರ ಹೊತ್ತಿನಲ್ಲಿ ಬದುಕಿ ತಪ್ಪುತ್ತಾರೆ.
ನಮ್ಮಲ್ಲೂ ಇದ್ದಾನೆ, ಬಾದಾಮಿಯ ಜಟ್ಟೆಪ್ಪ:
ರಜೆಯ ಟಿಕೇಟು ಕೈಗೆ ಬಂದಾಗಿನಿಂದ
ಅವನಿಗೆ ಬೆಳಗಾಗುವುದು ಅಲ್ಲಿಯ ಗಂಟೆಗೆ,
ಲೈಟು ಹಾಕುವುದು ಇಲ್ಲಿಯ ಏಳು ಮಂದಿಯ ಮುಖಕ್ಕೆ.
ಬೈಯಲು ಮನಸ್ಸು ಬರುವುದಿಲ್ಲ.
‘ಎಲ್ಲ ಮುಗಿದ ಮೇಲೆ, ಒಬ್ಬನೇ ಓಡು’
ಎಂದು ಆ ಟೆಸ್ಟಿನ ತಲೆಯ ಮೇಲೆ ಬರೆದೆ.

ಐದು ಸಲ ಓಡಿಸಿದೆ. ಐದೂ ಹಸಿರು.
ಇದು ರುಜುವಾತಲ್ಲ, ಗೊತ್ತು.
ಆರನೆಯದಕ್ಕೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಸುಬಹಿಯ ಬಾಂಗು,
ಮೂರು ಮಸೀದಿಗಳಿಂದ, ಒಂದರ ಬಾಲ ಇನ್ನೊಂದು ಹಿಡಿದು.
ಬಕೆಟು ತುಂಬಿ ಹರಿದಿತ್ತು. ಒರೆಸಿ, ಅಡುಗೆಮನೆಗೆ ಹೋದೆ.
ಬುತ್ತಿಯ ಸಾರು ಒಲೆಯ ಮೇಲೆ ಬೆಚ್ಚಗೆ,
ಮುಚ್ಚಳದ ಮೇಲೆ ನಾನೇ ಮಂಗಳವಾರ ಮಾಡಿದ ಕಾನೂನು,
ಸಿಗರೇಟು ಪ್ಯಾಕಿನ ಚೂರಿನಲ್ಲಿ:
‘ಉಪ್ಪು ಹಾಕಿದೆ. ಮೊಯ್ದಿನಬ್ಬ.’
ಕೆಳಗೆ, ಬೇರೆ ಪೆನ್ನಿನಲ್ಲಿ:
‘ಚೀಟಿ ನೋಡಿದ್ದು ಆಮೇಲೆ. ನಾನೂ. ಶೀನ.’

ಒಂದು ಚೊಂಬು ನೀರು ಹೊಯ್ದೆ.
ಮೂರನೆಯ ಸಾಲು ಬರೆದೆ: ‘ನೀರು ಹಾಕಿದೆ.’