ಕೊಸರು

ಜನವರಿ ಮೂವತ್ತೊಂದು. ದ್ರಾವಾ ನದಿಯ ಅಂಚಿಗೆ
ಹಾಲಿನ ಕೆನೆಯಷ್ಟು ತೆಳ್ಳಗೆ ಹಿಮ ಕಟ್ಟಿದೆ.
ಓಸಿಯೆಕ್ಕಿನ ಅರ್ಥಶಾಸ್ತ್ರ ವಿಭಾಗ, ಎರಡನೇ ಮಹಡಿ,
ಕೊನೆಯ ಕೋಣೆ.
ಹೆಸರುಗಳ ಮುಂದೆ ಅಂಕಿ ಬರೆಯುವುದು
ಮೂವತ್ತು ವರ್ಷದಿಂದ ನನ್ನ ಕೆಲಸ.
ರಾತ್ರಿ ಹನ್ನೆರಡರೊಳಗೆ ಸಚಿವಾಲಯಕ್ಕೆ ಕೋಷ್ಟಕ ಹೋಗಬೇಕು.

ಲೆಕ್ಕ ಸರಳ. ಒಂದು ಪ್ರಬಂಧಕ್ಕೆ ಒಂದು ಅಂಕ.
ಇಬ್ಬರು ಬರೆದರೆ ಅರ್ಧರ್ಧ.
ಮೂವರಾದರೆ ತಲಾ ಸೊನ್ನೆ ಬಿಂದು ಮೂರು ಮೂರು,
ಅಲ್ಲಿಗೆ ಯಂತ್ರ ಕೈಚೆಲ್ಲುತ್ತದೆ.
ಕೂಡಿ ನೋಡಿ, ನೂರಕ್ಕೆ ತೊಂಬತ್ತೊಂಬತ್ತು.
ಆ ಒಂದು ಎಲ್ಲಿ ಹೋಯಿತು
ಎಂದು ಡೀನ್ ಎರ್ವಿನ್ ಅವರನ್ನು ಒಮ್ಮೆ ಕೇಳಿದೆ.
"ವ್ಲಾತ್ಕಾ, ಕಾಫಿ ಕುಡಿ" ಎಂದರು.

ರಾದೊವಾನ್ ಹೆಸರಿನ ಮುಂದೆ ಆರು ವರ್ಷದಿಂದ ಸೊನ್ನೆ.
ಪ್ರತಿ ಶನಿವಾರ ಬೆಳಗ್ಗೆ ಏಳಕ್ಕೆ ಆತ ಸಂತೆಕಟ್ಟೆಯಲ್ಲಿ:
ಮೊಟ್ಟೆ, ಚೀಸು, ಕೆಂಪು ಮೆಣಸಿನ ಪುಡಿ, ಗಸಗಸೆ,
ಯಾರು ಎಷ್ಟಕ್ಕೆ ಮಾರಿದರು, ಯಾರಿಗೆ ಕಡ ಕೊಟ್ಟರು,
ಮಳೆ ಹಿಡಿದ ದಿನ ಯಾರು ಮೊದಲು ಇಳಿದರು.
ಇಪ್ಪತ್ತೆರಡು ವರ್ಷ, ನಲವತ್ತೊಂದು ನೋಟುಪುಸ್ತಕ.
ಬರೆದು ಕಳಿಸಿ ಪ್ರೊಫೆಸರ್, ಎಂದರೆ
"ಇನ್ನೊಂದು ಚಳಿಗಾಲ ನೋಡೋಣ."

ಕೂನಾ ಹೋಗಿ ಯೂರೊ ಬಂದ ವಾರ ಊರೆಲ್ಲ ಬೈಗುಳ.
ಏಳೂವರೆಗೆ ಒಂದು, ಮೇಲೆ ಚೂರುಪಾರು.
ಆ ಚೂರುಪಾರು ನುಂಗಿದವರು ಯಾರು?
ಕಾಫಿಯವರು ಬೆಲೆಯನ್ನು ಮೇಲಕ್ಕೆ ದುಂಡಗಾಗಿಸಿದರು,
ಮೊಟ್ಟೆ ಮಾರುವ ಕಾತಾ ಕೆಳಕ್ಕೆ.
"ಕನ್ನಡಕ ಮನೆಯಲ್ಲಿ. ಹೊಸ ಚಿಲ್ಲರೆ ಎಣಿಸುವವರು ಯಾರು, ಹೋಗಲಿ ಬಿಡು."
ಅದೂ ಇದೆ ಪುಸ್ತಕದಲ್ಲಿ, ದಿನಾಂಕ ಸಮೇತ.

ತಿಹಾನಾಳ ಗುತ್ತಿಗೆ ಜೂನಿಗೆ ಮುಗಿಯುತ್ತದೆ.
ಒಂದು ಕಾಲಲ್ಲಿ ಮಗುವಿನ ಗಾಡಿ ತೂಗುತ್ತ
ಎರಡನೇ ವಿಮರ್ಶಕನ ಹದಿನಾಲ್ಕು ತಕರಾರಿಗೆ
ಹದಿನಾಲ್ಕು ಸಲ ಕೃತಜ್ಞತೆ ಟೈಪು ಮಾಡುತ್ತಾಳೆ.
ಮಗುವಿಗೆ ಮಾತ್ರ ಕೇಳುವಂತೆ ಬೇರೇನೋ ಅನ್ನುತ್ತಾಳೆ.
ಅವಳನ್ನು ಪ್ರಬಂಧದ ಕಾರ್ಖಾನೆ ಎಂದು ನಗುವವರ
ಕೆಲಸವೆಲ್ಲ ಕಾಯಂ, ಗಮನಿಸಿದ್ದೇನೆ.

ಹೋದ ಮಾರ್ಚಿನಲ್ಲಿ ಅವಳೇ ಹೋಗಿ ಕೇಳಿದಳು.
ಮೆಣಸಿನಕಾಯಿ ಕ್ರೇಟಿನಲ್ಲಿ ನಲವತ್ತೊಂದನ್ನೂ ತುಂಬಿ
ಮುದುಕ ಟ್ರಾಮಿನಲ್ಲಿ ಮಡಿಲ ಮೇಲಿಟ್ಟು ತಂದ.
ಏಳು ಯಾವುದು ಒಂದು ಯಾವುದು ತಿಳಿಯದೆ
ಸಂಖ್ಯಾಶಾಸ್ತ್ರದ ದಾವೊರಿನ್ ಬೇಸಗೆಯಿಡೀ ಹಲ್ಲು ಕಡಿದ.
ಕಾತಾ ಅಪವಾದ, ಲೆಕ್ಕದಿಂದ ಬಿಡಬೇಕು, ಎಂದಳು ತಿಹಾನಾ.
ರಾದೊವಾನ್ ಒಂಬತ್ತು ದಿನ ಮಾತು ಬಿಟ್ಟ.
ಹತ್ತನೆಯ ದಿನ ಕಾತಾ ಅಡಿಟಿಪ್ಪಣಿಗೆ ಇಳಿದಳು, ಕನ್ನಡಕವಿಲ್ಲದೆ.
ಒಂದೇ ಸಂತೆ, ಸಾಲದು, ಎಂದಿತು ಮೊದಲ ಪತ್ರಿಕೆ.
ಎರಡನೆಯದು ಡಿಸೆಂಬರಿನಲ್ಲಿ ಹೂಂ ಅಂದಿತು.

ರಾದೊವಾನ್: ಸೊನ್ನೆ ಬಿಂದು ಮೂರು ಮೂರು.
ಫೋನಿನಲ್ಲಿ ಹೇಳಿದೆ. "ಇದಕ್ಕೆ ಏನು ಬರುತ್ತೆ?" ಎಂದ,
ಈರುಳ್ಳಿ ಕೇಳುವ ಹಾಗೆ.

ಈಗ ಹತ್ತೂ ಕಾಲು. ತಿಹಾನಾಳ ಸಾಲು ಕೂಡುತ್ತೇನೆ.
ಒಬ್ಬಳೇ ಬರೆದದ್ದು ಒಂದು.
ಮೂವರ ಪಾಲಿನವು ಮೂರು.
ಗುತ್ತಿಗೆ ಮುಂದುವರಿಯಲು ಬೇಕಾದದ್ದು ಎರಡು,
ಬಂದದ್ದು ಒಂದು ಬಿಂದು ಒಂಬತ್ತು ಒಂಬತ್ತು.
ಮತ್ತೆ ಕೂಡಿದೆ. ಅಷ್ಟೇ.
ನಿಯಮ ನಿಯಮವೇ, ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ,
ಇದೇ ಕುರ್ಚಿಯಲ್ಲಿ ಕೂತು, ಇದೇ ದನಿಯಲ್ಲಿ.

ಹತ್ತು ಮೊಟ್ಟೆಗೆ ದುಡ್ಡು ಕೊಟ್ಟರೆ
ಕಾತಾ ಹನ್ನೊಂದನೆಯದನ್ನು ಕಾಗದದಲ್ಲಿ ಸುತ್ತಿ ಮೇಲಿಡುತ್ತಾಳೆ.
ಕೇಳಿದವರಿಗಲ್ಲ, ಎಲ್ಲರಿಗೂ. ಕೊಸರು.
ರಾದೊವಾನನ ಪುಸ್ತಕದಲ್ಲಿ ಅದಕ್ಕೆ ಬೇರೆಯೇ ಕಂಬಸಾಲು,
ದಾವೊರಿನ್ ಮಾತ್ರ ಎಲ್ಲಿ ಸೇರಿಸುವುದೆಂದು ತಿಳಿಯದೆ ಬಿಟ್ಟದ್ದು.

ಕೊನೆಯ ಮೂರನ್ನು ಅಳಿಸಿದೆ. ನಾಲ್ಕು ಒತ್ತಿದೆ.
ಇಷ್ಟು ವರ್ಷದಲ್ಲಿ ಮೊದಲ ಸಲ
ಆ ಪ್ರಬಂಧದ ಮೊತ್ತ ಸರಿಯಾಗಿ ಒಂದಾಯಿತು,
ಚೌಕ ಹಸಿರಾಯಿತು.
ಹೀಟರು ಟಿಕ್ ಟಿಕ್ ಎನ್ನುತ್ತ ತಣ್ಣಗಾಗುತ್ತಿದೆ.
ಕಳಿಸುವ ಮುನ್ನ ಕನ್ನಡಕ ತೆಗೆದು
ಮೇಜಿನ ಮೇಲಿಟ್ಟೆ.